ಆಂಟೆನಾ ಕಂಬಕ್ಕೆ ಹಬ್ಬಿದ ಮೆಣಸು

ಬೆಟ್ಟದ ಎಸ್ಟೇಟುಗಳಿಗೆ ತಂತಿಯಿಲ್ಲದ ಇಂಟರ್ನೆಟ್ ಕೊಡುವ ಕೆಲಸಕ್ಕೆ ಸೇರಿದವನಿಗೆ ದಿಗಿಲು ಬೀಳುವುದೂ ಸಂಬಳದೊಳಗೇ ಸೇರಿರುತ್ತದೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ವನಗೂರು ಕಡೆಯ ಒಂದು ಎಸ್ಟೇಟಿಗೆ ನಾನು ಹಾಕಿಕೊಟ್ಟ ಲಿಂಕ್ ವಾರಕ್ಕೊಮ್ಮೆ ಸಾಯುತ್ತಿತ್ತು. ಅಲ್ಲಿನ ಸಾಹುಕಾರರು ಅದನ್ನು ಹಾಕಿಸಿದ್ದೇ ಬೆಳಿಗ್ಗೆ ಎದ್ದು ಕಾಳುಮೆಣಸಿನ ಧಾರಣೆ ನೋಡಲು. ನಮ್ಮ ಆಫೀಸರ್ ನನ್ನನ್ನು ಕರೆದು, "ಆ ಲಿಂಕ್ ಹೀಗೇ ಬೀಳ್ತಿದ್ರೆ ನಿಮ್ಮನ್ನ ಬೀದರಿಗೆ ಹಾಕ್ತೀನಿ" ಅಂದುಬಿಟ್ಟರು. ಹೆಂಡತಿ ಸಕಲೇಶಪುರದಲ್ಲಿ ಟೀಚರ್. ಬೀದರ್ ಅಂದರೆ ರಾಜ್ಯದ ಇನ್ನೊಂದು ತುದಿ.

ಬೆನ್ನು

ಮಾರನೇ ದಿನವೇ ಎಸ್ಟೇಟಿಗೆ ಓಡಿದೆ. ಗುಡ್ಡದ ಮೇಲಿನ ನಮ್ಮ ಟವರಿನ ಕಡೆ ನೋಡಬೇಕಾದ, ಅಂಗಳದ ಕಂಬದ ಮೇಲಿನ ಆಂಟೆನಾ ಮನೆಯ ಬಾಗಿಲ ಕಡೆ ನೋಡುತ್ತಿತ್ತು. ಗಾಳಿಗೆ ತಿರುಗಿರಬೇಕು ಎಂದುಕೊಂಡರೆ, ಯಾರೋ ಸ್ಪ್ಯಾನರ್ ಹಾಕಿ ಭದ್ರವಾಗಿ ಬಿಗಿದಿದ್ದಾರೆ.

ಸಾಹುಕಾರರ ತಾಯಿ ಜಗಲಿಯಿಂದ, "ನಾನೇ ಆಳಿಗೆ ಹೇಳಿ ತಿರುಗ್ಸಿದ್ದು ಕಣಪ್ಪ. ನಮ್ಮ ಅಂಗಳದಾಗೆ ನಿಂತು ನಮಗೇ ಬೆನ್ನು ಹಾಕ್ಕಂಡಿತ್ತು" ಅಂದರು.

"ಅಮ್ಮಾ, ಅದು ಟವರನ್ನೇ ನೋಡ್ಬೇಕು."

"ನೋಡ್ಲಿ, ಬೇಡ ಅಂದೋರ್ಯಾರು? ವಾರದಾಗೆ ಒಂದಿನ ನಮ್ಮನ್ನೂ ನೋಡ್ಲಿ."

ಜೀಪು

ಮಳೆಗಾಲದಲ್ಲಿ ಟವರಿಗೂ ಎಸ್ಟೇಟಿಗೂ ನಡುವಿನ ಮರಗಳ ಎಲೆ ನೆನೆದು ಸಿಗ್ನಲ್ ಕುಗ್ಗತೊಡಗಿತು. ಕಂಬ ಎತ್ತರಿಸಿ ಹೊಸ ಯಂತ್ರ ಕೂರಿಸಿದೆ. ಎಸ್ಟೇಟಿನ ಜೀಪಿನಲ್ಲಿ ಇಳಿದು ಬರುವಾಗ, ಅಲ್ಲಿನ ಲೆಕ್ಕ ನೋಡುವ ರೈಟರಿಗೆ ಹೆಮ್ಮೆಯಿಂದ ವಿವರಿಸಿದೆ. "ಸಿಗ್ನಲ್ ಚೆನ್ನಾಗಿದ್ರೆ ಜೋರಾಗಿ ಓಡುತ್ತೆ. ಕಮ್ಮಿಯಾದ್ರೆ ತಾನೇ ವೇಗ ಇಳಿಸಿಕೊಳ್ಳುತ್ತೆ. ನಿಧಾನ ಆದ್ರೂ ಲಿಂಕ್ ಬೀಳಲ್ಲ."

ಅಷ್ಟರಲ್ಲಿ ತಿರುವಿನಲ್ಲಿ ಜೀಪು ಕೆಸರಿಗೆ ಜಾರಿ, ಒಂದು ಚಕ್ರ ಕಣಿವೆಯ ಅಂಚು ಮುಟ್ಟಿ ಬಂತು. ಡ್ರೈವರ್ ಮಾತ್ರ ವೇಗ ಇಳಿಸಲಿಲ್ಲ. ರೈಟರ್ ಕಂಬಿ ಹಿಡಿದುಕೊಂಡೇ, "ಆ ಯಂತ್ರ ಇನ್ನೊಂದಿದ್ರೆ ಇವನ ತಲೆಗೂ ಕೂರ್ಸಿಬುಡಿ ಮಾರಾಯ್ರೆ" ಅಂದರು.

ಬಳ್ಳಿ

ಆಮೇಲೆ ಎರಡು ವರ್ಷ ದೂರು ಬರಲಿಲ್ಲ. ಮೂರನೇ ವರ್ಷ ಮಳೆ ಕಡಿಮೆಯಾಗುವ ಹೊತ್ತಿಗೆ ಲಿಂಕ್ ಮತ್ತೆ ಸತ್ತಿತು. ಈ ಸಲ ಆಫೀಸರೇ ಜೊತೆಗೆ ಹೊರಟರು. ಹೋಗಿ ನೋಡಿದರೆ ಕಂಬವೇ ಕಾಣುತ್ತಿಲ್ಲ. ಬುಡದಿಂದ ಆಂಟೆನಾದ ನೆತ್ತಿಯವರೆಗೆ ಮೆಣಸಿನ ಬಳ್ಳಿ ಹಬ್ಬಿ ಕೂತಿದೆ.

"ಸಾಹುಕಾರ್ರೇ, ಏನಿದು?" ಅಂದೆ.

"ಕಂಬ ಸುಮ್ನೆ ನಿಂತಿತ್ತಲ್ಲ. ಎರಡು ಬಳ್ಳಿ ನೆಟ್ಟಿದ್ದೆ."

"ಈಗಲೇ ಕಡೀಬೇಕು."

"ಕಾಯಿ ಕಟ್ಟೈತೆ ಕಣ್ರೀ. ಕೊಯ್ಲು ಮುಗೀಲಿ."

"ಅಲ್ಲೀವರೆಗೂ ಮೆಣಸಿನ ಧಾರಣೆ ಹೇಗೆ ನೋಡ್ತೀರಿ?"

"ಧಾರಣೆ ನೋಡಾಕೆ ಮೊದ್ಲು ಮೆಣಸು ಬೇಕಲ್ಲ."

ಆಫೀಸರ್ ಕಂಬಕ್ಕೆ ಒಂದು ಸುತ್ತು ಬಂದರು. ನಾನು ಮನಸ್ಸಿನಲ್ಲೇ ಬೀದರಿಗೆ ಸಾಮಾನು ಕಟ್ಟುತ್ತಿದ್ದೆ. ಅವರು ಒಂದು ಎಲೆ ತಿರುವಿ ನೋಡಿ, "ಕೊಯ್ಲು ಆದ್ಮೇಲೇ ಲಿಂಕ್ ನೋಡೋಣ ಬಿಡಿ. ಇದು ಯಾವ ತಳಿ? ನೆಡೋಕೆ ನಾಲ್ಕು ಕಡ್ಡಿ ಸಿಗುತ್ತಾ?" ಅಂದರು.

ಮುಂದಿನ ವಾರ ಗುಡ್ಡದ ಮೇಲಿನ ನಮ್ಮ ಟವರ್ ನೋಡಲು ಹೋದವನು ಬೇಲಿಯ ಬಾಗಿಲಲ್ಲೇ ನಿಂತುಬಿಟ್ಟೆ. ಟವರಿನ ನಾಲ್ಕೂ ಕಾಲಿಗೆ ಒಂದೊಂದು ಮೆಣಸಿನ ಕಡ್ಡಿ, ಬುಡಕ್ಕೆ ಸಗಣಿ ಗೊಬ್ಬರ. ಅಲ್ಲಿಂದಲೇ ಆಫೀಸರಿಗೆ ಫೋನ್ ಮಾಡಿದೆ.

"ನೋಡಿದ್ರಾ?" ಅಂದರು. "ಬೀದರಿನ ವಿಚಾರ ಮರೆತುಬಿಡಿ, ನೀವು ಇಲ್ಲೇ ಇರಿ. ಬೇಸಿಗೇಲಿ ಅದಕ್ಕೆ ನೀರು ಹಾಕೋರು ಬೇಕಲ್ಲ."