ಎಲ್ಲರ ರಕ್ತದಲ್ಲೂ ಒಂದೇ ಹುಳ

ಮಧ್ಯಾಹ್ನ ಸ್ಲೈಡ್ ಪರೀಕ್ಷೆ ಇದ್ದದ್ದರಿಂದಲೇ ಗಾಬರಿ ಬೆಳಿಗ್ಗೆ ತನ್ನ ಬೆರಳಿಗೆ ತಾನೇ ಸೂಜಿ ಚುಚ್ಚಿಕೊಂಡ. ಗಾಬರಿ ಅವನ ಹೆಸರಲ್ಲ; ಆದರೆ ರೋಗಶಾಸ್ತ್ರದ ಪ್ರಯೋಗಾಲಯದಲ್ಲಿ ಅವನಿಗೆ ಬೇರೆ ಹೆಸರಿದ್ದದ್ದು ಯಾರಿಗೂ ನೆನಪಿರಲಿಲ್ಲ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಅವನಿಗೆ ಎಲ್ಲ ರೋಗಗಳೂ ಗುಲಾಬಿ ಬಣ್ಣದ ಒಂದೇ ಹರಕು ಕಂಬಳಿಯಂತೆ ಕಾಣುತ್ತಿದ್ದವು. ಈ ಸಲವೂ ಫೇಲಾದರೆ, ಇದೇ ಕಾಲೇಜಿನಲ್ಲಿ ಒಂದು ತರಗತಿ ಕೆಳಗೆ ಓದುತ್ತಿದ್ದ ತಂಗಿಯ ಪಕ್ಕದಲ್ಲೇ ಕೂರಬೇಕು. ಅವಳಾಗಲೇ, “ಅಣ್ಣ, ಕಿಟಕಿ ಪಕ್ಕದ ಜಾಗ ನಂದು” ಎಂದು ಹೇಳಿಟ್ಟಿದ್ದಳು.

ಆರೋಗ್ಯ ಹೇಗಿರುತ್ತದೆಂದು ಗೊತ್ತಾದರೆ ರೋಗ ತಾನಾಗಿ ಗೊತ್ತಾದೀತು ಎಂಬುದು ಅವನ ಲೆಕ್ಕಾಚಾರ. ರಕ್ತವನ್ನು ಗಾಜಿಗೆ ಸವರಿ, ಬಣ್ಣ ಹಾಕಿ, ಮೂಲೆಯಲ್ಲಿದ್ದ ಹಳೆಯ ಸೂಕ್ಷ್ಮದರ್ಶಕದಲ್ಲಿ ನೋಡಿದ. ಮಾವನ ಮನೆಯಲ್ಲಿ ಉಂಡು ಮಲಗಿದ ಅಳಿಯನ ಹಾಗೆ ಕಪ್ಪು ಹುಳವೊಂದು ನೆಮ್ಮದಿಯಾಗಿ ಚಾಚಿಕೊಂಡಿತ್ತು.

ಅವನು ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದ. ಆಮೇಲೆ ಪಕ್ಕದ ಬೆಂಚಿನ ಕನ್ನಡಕದವಳನ್ನು ಮೆಲ್ಲಗೆ ಕರೆದ. ಅವಳು ಬಗ್ಗಿ ನೋಡಿ, ಒಂದು ಮಾರು ದೂರ ಸರಿದಳು.

“ಕಾಲು ಊದಿದ್ಯೇನೋ?”

“ಬೆಳಿಗ್ಗೆ ಚಪ್ಪಲಿ ಬಿಗಿ ಅನ್ನಿಸ್ತು.”

“ಹಾಗಾದ್ರೆ ಆನೆಕಾಲು ರೋಗದ ಹುಳಾನೇ.”

ಸುದ್ದಿ ಬೆಂಚಿನಿಂದ ಬೆಂಚಿಗೆ ಹಾರಿತು. ಗಾಬರಿಯ ಕೋಣೆಯಲ್ಲೇ ಇರುವ ಗೆಳೆಯ, ತನಗೂ ಅಂಟಿರಬೇಕೆಂದು ತನ್ನ ರಕ್ತವನ್ನು ಅಲ್ಲೇ ಇಟ್ಟು ನೋಡಿದ. ಅದೇ ಹುಳ, ಅದೇ ಭಂಗಿ. ಕನ್ನಡಕದವಳ ರಕ್ತದಲ್ಲೂ ಅದೇ. ಉಳಿದ ಸೂಕ್ಷ್ಮದರ್ಶಕಗಳಲ್ಲಿ ಹುಳ ಕಾಣಲಿಲ್ಲವಾದ್ದರಿಂದ ಅವೆಲ್ಲ ಕೆಟ್ಟಿವೆಯೆಂದು ತೀರ್ಮಾನವಾಯಿತು. ಒಬ್ಬ ಮನೆಗೆ ಫೋನ್ ಮಾಡಿ ಅಮ್ಮನ ಕ್ಷಮೆ ಕೇಳಿದ. ಯಾವುದಕ್ಕೆ ಎಂದು ಅವರು ಕೇಳಿದಾಗ, ಒಟ್ಟಾರೆ ಎಂದ.

ಗದ್ದಲ ಕೇಳಿ ಬೋಳುತಲೆಯ ಮೇಷ್ಟ್ರು ಬಂದರು. ಹಳೆಯ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಮ್ಮೆ ನೋಡಿದರು. ಆಮೇಲೆ ಗಾಬರಿಗೆ ಬಗ್ಗಿ ನೋಡಲು ಹೇಳಿ, ಕಣ್ಣಿಡುವ ಮಸೂರವನ್ನು ಎರಡು ಬೆರಳಲ್ಲಿ ತಿರುಗಿಸಿದರು. ಹುಳ ಗಡಿಯಾರದ ಮುಳ್ಳಿನಂತೆ ಗಿರ್ರನೆ ಸುತ್ತಿತು.

“ಇದು ರಕ್ತದಲ್ಲಿಲ್ಲ, ಮಸೂರದೊಳಗಿದೆ. ಕಣಗಳನ್ನ ಬೊಟ್ಟು ಮಾಡಿ ತೋರಿಸೋಕೆ ನಾನೇ ಅಂಟಿಸಿದ ಕೂದಲು. ನನ್ನದೇ. ಆಗ ಇತ್ತು.”

ಯಾರೂ ನಗಲಿಲ್ಲ, ಪರೀಕ್ಷೆ ಇನ್ನೂ ಮುಂದಿತ್ತು.

ಮಧ್ಯಾಹ್ನ ಗಾಬರಿಯ ಮುಂದೆ ಬೇರೆ ಸೂಕ್ಷ್ಮದರ್ಶಕ, ಬೇರೆ ರಕ್ತ. ಪರಪರ ತಲೆ ಕೆರೆದುಕೊಳ್ಳುತ್ತಲೇ ಗಾಜನ್ನು ಅದರಡಿಗೆ ಇಟ್ಟು ಬಗ್ಗಿದ. ಮತ್ತೆ ಕಪ್ಪು ಗೆರೆ. ಒಮ್ಮೆ ಬಿದ್ದ ಹಳ್ಳಕ್ಕೆ ಮತ್ತೆ ಬೀಳುವವನೇ ಅವನು? ಮಸೂರ ತಿರುಗಿಸಿದ. ಗೆರೆ ಜಪ್ಪಯ್ಯ ಎನ್ನಲಿಲ್ಲ. ಗಾಜನ್ನು ಸರಿಸಿದ, ಗೆರೆ ಅದರ ಜೊತೆಗೇ ಸರಿಯಿತು. ಅಂದರೆ ಇದು ಮೇಷ್ಟ್ರ ಕೂದಲಲ್ಲ. ಬದುಕಿನಲ್ಲಿ ಮೊದಲ ಸಲ ಅವನು ಊಹೆಯಿಂದಲ್ಲ, ತರ್ಕದಿಂದ ರೋಗ ಹಿಡಿದಿದ್ದ. ಆನೆಕಾಲಿನ ಹುಳ ಎಂದು ಬರೆದು ಅಡಿಗೆರೆ ಎಳೆದ.

ಮೇಷ್ಟ್ರು ಬಂದು ಉತ್ತರ ಓದಿ, ಬಹಳ ಹೊತ್ತು ಕಣ್ಣಿಟ್ಟು ನೋಡಿದರು.

“ಮಸೂರ ತಿರುಗಿಸಿ ನೋಡಿದ್ಯಾ?”

“ನೋಡ್ದೆ ಸರ್. ಅಲ್ಲಾಡ್ಲಿಲ್ಲ.”

“ಭೇಷ್. ಹೇಳಿದ್ದನ್ನ ಕಲಿತಿದ್ದೀಯ.”

ಗಾಬರಿಯ ಎದೆ ಪೂರಿಯಂತೆ ಉಬ್ಬಿತು. ಮೇಷ್ಟ್ರು ಚಿಮುಟದಿಂದ ಗಾಜಿನ ಮೇಲಿನ ಹುಳವನ್ನು ನಾಜೂಕಾಗಿ ಎತ್ತಿ, ಅವನ ಅಂಗೈಯಲ್ಲಿಟ್ಟರು.

“ಇದರ ಸುತ್ತಲೂ ರಕ್ತದ ಕ್ಯಾನ್ಸರ್ ತುಂಬಿ ತುಳುಕ್ತಿತ್ತು ಕಣಯ್ಯ. ಬೆಳಿಗ್ಗೆಯದು ನನ್ನ ಕೂದಲು, ಇದು ನಿಂದು. ಜೋಪಾನ. ಹೀಗೇ ಕೆರ್ಕೊಳ್ತಿದ್ರೆ ಮುಂದಿನ ವರ್ಷದ ಪರೀಕ್ಷೆಗೆ ಒಂದೂ ಉಳಿಯಲ್ಲ.”