ವಿಳಾಸ ತಪ್ಪಿಸಿಕೊಂಡ ಮಂಡಕ್ಕಿ ಪ್ರಬಂಧ

ನಮ್ಮ ಕಡೆ ವಿಳಾಸ ಹೇಳುವುದು ಬಲು ಸುಲಭ. ದಾವಣಗೆರೆಯಲ್ಲಿ ನಾನು ದಿನಾ ಬಸ್ಸಿಳಿಯುತ್ತಿದ್ದ ಜಾಗಕ್ಕೆ ಬೇವಿನಮರದ ಸ್ಟಾಪ್ ಎಂದು ಹೆಸರು. ಅಲ್ಲಿ ಬೇವಿನಮರವಿಲ್ಲ. ನಾನು ಕೆಲಸಕ್ಕೆ ಸೇರುವ ಮೊದಲೇ ಅದನ್ನು ಕಡಿದು ಯಾರದೋ ಮನೆಯ ಬಾಗಿಲು ಮಾಡಿದ್ದರಂತೆ. ಆದರೂ ಕಂಡಕ್ಟರ್ "ಬೇವಿನಮರ ಯಾರ್ರೀ ಇಳಿಯೋರು" ಎಂದು ಕೂಗುತ್ತಿದ್ದ, ನಾವು ಇಳಿಯುತ್ತಿದ್ದೆವು, ಯಾರೂ ದಾರಿ ತಪ್ಪುತ್ತಿರಲಿಲ್ಲ. ವಸ್ತು ಹೋದರೂ ಹೆಸರು ಉಳಿಯುವ ಇಂಥ ಊರಿನಲ್ಲಿ ಓಡಾಡಿದವನಿಗೆ, ವಸ್ತು ಗಟ್ಟಿಮುಟ್ಟಾಗಿದ್ದೂ ವಿಳಾಸ ಮಾತ್ರ ಮಾಯವಾಗುವ ಲೋಕವೊಂದಿದೆ ಎಂದು ತಿಳಿಯಲು ಇಂಟರ್ನೆಟ್ಟೇ ಬರಬೇಕಾಯಿತು.

ನನ್ನ ಮನೆ ಹರಿಹರದಲ್ಲಿ, ಕೆಲಸ ದಾವಣಗೆರೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವುದು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ಮೇಷ್ಟ್ರಾದವರು ಪಾಠ ಮಾಡಿದರೆ ಸಾಲದು, ಸಂಶೋಧನೆಯನ್ನೂ ಮಾಡಬೇಕು ಎಂಬ ಗಾಳಿ ಬೀಸಿತು. ವಿಷಯ ಹುಡುಕಿಕೊಂಡು ನಾನು ದೂರ ಹೋಗಲಿಲ್ಲ. ಕಾದ ಮರಳಿಗೆ ಬಿದ್ದ ಅಕ್ಕಿ ಯಾಕೆ ಉಬ್ಬಿ ಮಂಡಕ್ಕಿಯಾಗುತ್ತದೆ ಎಂಬುದನ್ನೇ ಹಿಡಿದೆ. ಎರಡು ಬೇಸಿಗೆ ದಸ್ತಗೀರ್ ಸಾಬರ ಮಂಡಕ್ಕಿ ಭಟ್ಟಿಯಲ್ಲಿ ಥರ್ಮಾಮೀಟರ್ ಹಿಡಿದು ನಿಂತೆ. ಅಕ್ಕಿಗಿಂತ ನಾನೇ ಹೆಚ್ಚು ಹುರಿದುಹೋದೆ ಎನ್ನಬೇಕು. ಸಾಬರು ಒಂದು ದಿನವೂ ಬೇಸರಿಸಲಿಲ್ಲ. "ಬರ್ರಿ ಸಾರ್, ಕೂಡ್ರಿ" ಎಂದು ಖಾಲಿ ಚೀಲ ಹಾಸಿ, ಬಿಸಿ ಮಂಡಕ್ಕಿಯ ಜೊತೆ ಮೆಣಸಿನಕಾಯಿ ಬಜ್ಜಿ ತರಿಸಿ ಮುಂದಿಡುತ್ತಿದ್ದರು. ಮನೆಯಲ್ಲಿ ಹೆಂಡತಿ ಮಾತ್ರ, "ದಿನಾ ಹೋಗಿ ಮಂಡಕ್ಕಿ ತಿಂದು ಬರೋದಕ್ಕೆ ಸಂಶೋಧನೆ ಅಂತಾರಂತ ನಂಗೆ ಗೊತ್ತಿರ್ಲಿಲ್ಲ ನೋಡ್ರಿ" ಎನ್ನುತ್ತಿದ್ದಳು.

ಅಂತೂ ಪ್ರಬಂಧ ಮುಗಿಯಿತು. ಕೊನೆಯ ಕೃತಜ್ಞತೆಯಲ್ಲಿ ಸಾಬರ ಹೆಸರನ್ನೂ ಬರೆದೆ. ಪರದೇಶದ ಒಂದು ಪತ್ರಿಕೆ ಅದನ್ನು ಇಂಟರ್ನೆಟ್ಟಿನಲ್ಲಿ ಪ್ರಕಟಿಸಿತು. ಅದೇ ಸಮಯಕ್ಕೆ ಹರಿಹರದಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ. ನಮ್ಮಲ್ಲಿ ಆಮಂತ್ರಣ ಪತ್ರಿಕೆಯಲ್ಲಿ ಹೆಸರಿನ ಕೆಳಗೆ ಡಿಗ್ರಿ, ಹುದ್ದೆ ಎಲ್ಲ ಹಾಕುವುದು ವಾಡಿಕೆಯಲ್ಲವೇ? ನಾನು ಅದರ ಕೆಳಗೆ ಪ್ರಬಂಧದ ಇಂಟರ್ನೆಟ್ ವಿಳಾಸವನ್ನೂ ಅಚ್ಚು ಹಾಕಿಸಿದೆ. ಓರೆಗೆರೆ, ಚುಕ್ಕೆಗಳೆಲ್ಲ ಸೇರಿ ಅದು ನಮ್ಮ ಮನೆದೇವರ ಹೆಸರಿಗಿಂತ ಉದ್ದವಾಗಿ ಎರಡು ಸಾಲಿಗೆ ಬಂತು. ಮಾಯಕೊಂಡದ ಸೋದರಮಾವ ಅದರ ಮೇಲೆ ಬೆರಳಿಟ್ಟು, "ಪ್ರೆಸ್ಸಿನೋರು ಏನೋ ಎಡವಟ್ಟು ಮಾಡ್ಯಾರಲ್ಲೋ, ರೊಕ್ಕ ಕೊಡಬ್ಯಾಡ" ಎಂದು ಬುದ್ಧಿ ಹೇಳಿದರು.

ಆ ಸಾಲನ್ನು ಗಂಭೀರವಾಗಿ ತೆಗೆದುಕೊಂಡವರು ದಸ್ತಗೀರ್ ಸಾಬರೊಬ್ಬರೇ. ಗೃಹಪ್ರವೇಶದ ಊಟ ಮುಗಿಸಿ ನನ್ನನ್ನು ಪಕ್ಕಕ್ಕೆ ಕರೆದು, "ಇದ್ರಾಗ ನನ್ನ ಹೆಸ್ರು ಐತಂತೀರಲ್ಲ, ಖರೇನಾ ಸಾರ್?" ಎಂದು ಕೇಳಿದರು. ಖರೆ ಎಂದೆ. ಆಮಂತ್ರಣ ಪತ್ರಿಕೆಯನ್ನು ಮಡಿಸಿ ಜುಬ್ಬಾದ ಜೇಬಿಗೆ ಇಟ್ಟುಕೊಂಡರು.

ಕೆಲವು ದಿನಗಳಾದ ಮೇಲೆ ಅವರು ತಮ್ಮ ಹೊಸ ಬೀಗರನ್ನು ಕರೆದುಕೊಂಡು ದಾವಣಗೆರೆಯ ವಿಶ್ವಣ್ಣನ ಎಸ್‌ಟಿಡಿ ಬೂತಿಗೆ ಬಂದರು. ಮಗಳ ಮದುವೆ ಗೊತ್ತಾಗಿತ್ತು. ಬೀಗರು ಓದಿದ ಮನೆತನದವರು. ಸಾಬರು ಅವರೆದುರು, ತಮ್ಮ ಹೆಸರೂ ಪರದೇಶದ ಪುಸ್ತಕದಲ್ಲಿದೆ ಎಂದು ಹೇಳಿಕೊಂಡುಬಿಟ್ಟಿದ್ದರು. ನನ್ನನ್ನೂ ಕರೆಸಿದರು. ವಿಶ್ವಣ್ಣ ಬೂತಿನ ಮೂಲೆಯಲ್ಲಿದ್ದ ಕಂಪ್ಯೂಟರಿನ ಮುಂದೆ ಕೂತು, ಆಮಂತ್ರಣ ನೋಡಿಕೊಂಡು ಒಂದೊಂದೇ ಅಕ್ಷರ ಒತ್ತಿದ. ನಾವು ಉಸಿರು ಬಿಗಿಹಿಡಿದು ಕಾದೆವು. ಕೇಳಿದ ಪುಟ ಇಲ್ಲಿಲ್ಲ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ಇನ್ನೊಮ್ಮೆ ಒತ್ತಿದರೂ ಅದೇ ಉತ್ತರ. ಹಿರಿಯ ಬೀಗರು ಸಾಬರ ಬೆನ್ನು ಸವರಿ, "ಇರ್ಲಿ ಬಿಡ್ರಿ, ಚಾ ಕುಡಿಯೋಣ ನಡೀರಿ" ಎಂದರು. ಆ ಕನಿಕರ ಸಾಬರಿಗೆ ನಾಟಿತು. ನನಗಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹೊರಗೆ ಬಂದ ಮೇಲೆ ಸಾಬರು ಮೆಲ್ಲಗೆ ಕೇಳಿದರು: "ನಾವು ಅಂಗಡಿ ಎತ್ತಿದ್ರೆ, ಇಂಥಲ್ಲಿಗೆ ಹೋಗೀವಿ ಅಂತ ಹಳೇ ಬಾಗ್ಲಿಗೆ ಒಂದು ಬೋರ್ಡ್ ಹಾಕ್ತೀವಿ ಸಾರ್. ನಿಮ್ಮೋರು ಅದನ್ನೂ ಹಾಕಿಲ್ಲೇನ್ರಿ?"

ಹಾಕಿರಲಿಲ್ಲ. ಪತ್ರಿಕೆಗೆ ಇ-ಮೇಲ್ ಬರೆದೆ. ಹೊಸ ಕಂಪ್ಯೂಟರಿಗೆ ಸಂಸಾರ ಸಮೇತ ಹೋಗಿದ್ದೇವೆ ಎಂಬರ್ಥದ ಉತ್ತರವೂ ಹೊಸ ವಿಳಾಸವೂ ಬಂದವು. ನಾನು ಸಾಬರಿಗೆ ಸುದ್ದಿ ಮುಟ್ಟಿಸುವಷ್ಟರಲ್ಲಿ ಆ ವಿಳಾಸವೂ ಕೆಟ್ಟಿತು. ಬಾಡಿಗೆ ಮನೆಯವರೂ ಇಷ್ಟು ಬೇಗ ಮನೆ ಬದಲಿಸುವುದಿಲ್ಲ. ಸಿಟ್ಟಿನಿಂದ ಮತ್ತೆ ಬರೆದೆ. ಈ ಸಲ ಸಮಾಧಾನದ ಉತ್ತರ ಬಂತು: ಇನ್ನು ಮುಂದೆ ಪ್ರತಿ ಪ್ರಬಂಧಕ್ಕೂ ಒಂದು ಕಾಯಂ ಸಂಖ್ಯೆ ಕೊಡುತ್ತೇವೆ, ಪ್ರಬಂಧ ಎಲ್ಲಿಗೆ ಹೋದರೂ ಸಂಖ್ಯೆ ಬದಲಾಗುವುದಿಲ್ಲ, ಅದನ್ನು ಕೊಟ್ಟರೆ ಸಾಕು, ಪುಟ ಎಲ್ಲಿದೆಯೋ ಅಲ್ಲಿಗೇ ಕರೆದೊಯ್ಯುತ್ತದೆ, ನಿಮ್ಮ ಪ್ರಬಂಧದ ಸಂಖ್ಯೆ ಇಂತಿದೆ. ಹೆಂಡತಿಗೆ ಓದಿ ಹೇಳಿದೆ. "ಹಂಗಾರೆ ಇನ್ನೊಂದು ಗೃಹಪ್ರವೇಶ ಮಾಡ್ಬೇಕೇನ್ರಿ?" ಎಂದಳು.

ಮದುವೆಗೆ ಮುಂಚೆಯೇ ಎಲ್ಲರನ್ನೂ ಮತ್ತೆ ಬೂತಿಗೆ ಸೇರಿಸಿದೆ. ಸಾಬರು ಬರಲು ಹಿಂಜರಿದರು; ಎರಡನೇ ಸಲ ಮಾನ ಕಳೆದುಕೊಳ್ಳಲು ಯಾರಿಗೆ ಇಷ್ಟ? ವಿಶ್ವಣ್ಣ ಸಂಖ್ಯೆ ಒತ್ತಿದ. ಪುಟ ಮೆಲ್ಲಮೆಲ್ಲಗೆ ತೆರೆಯಿತು. ಅವನು ನೇರವಾಗಿ ಕೊನೆಗೆ ಹೋಗಿ ಕನ್ನಡ ಮಾಡಿ ಗಟ್ಟಿಯಾಗಿ ಓದಿದ: "ಶ್ರೀ ದಸ್ತಗೀರ್ ಸಾಬ್, ಮಂಡಕ್ಕಿ ಭಟ್ಟಿ, ದಾವಣಗೆರೆ, ಇವರಿಗೆ ನಾವು ಋಣಿಗಳು." ಹಿರಿಯ ಬೀಗರು ಎದ್ದು ಸಾಬರನ್ನು ಅಪ್ಪಿಕೊಂಡರು. ಸಾಬರ ಕಣ್ಣು ಒದ್ದೆಯಾಗಿತ್ತು. ನನ್ನ ಎರಡು ಬೇಸಿಗೆಯ ಸೆಕೆ ಅಂದು ಇಳಿಯಿತು.

ಆಗಲೇ ಸಾಬರು, "ಸಾರ್ ಹೆಸ್ರು ಎಲ್ಲೈತೆ, ಅದನ್ನೂ ತೋರ್ಸು ವಿಶ್ವಣ್ಣ" ಎಂದರು. ವಿಶ್ವಣ್ಣ ಮೇಲೆ ಹೋದ, ಕೆಳಗೆ ಬಂದ, ಮತ್ತೆ ಮೇಲೆ ಹೋದ. ಪ್ರಬಂಧಕ್ಕೆ ನಾವು ನಾಲ್ವರು ಲೇಖಕರು. ಬರೆದವನು ನಾನಾದರೂ ಪದ್ಧತಿಯಂತೆ ಮಾರ್ಗದರ್ಶಕರ ಹೆಸರು ಮೊದಲು ಇತ್ತು. ಹೊಸ ಪುಟ ಮಾಡಿದವರು ಜಾಗ ಉಳಿಸಲು ಆ ಒಂದು ಹೆಸರಿಟ್ಟು, "ಮತ್ತು ಇತರರು" ಎಂದು ಮುಗಿಸಿದ್ದರು.

ಸಾಬರು ಆ ಪುಟವನ್ನು ಪ್ರಿಂಟ್ ಮಾಡಿಸಿ, ಕಟ್ಟು ಹಾಕಿಸಿ ಭಟ್ಟಿಯ ಗೋಡೆಗೆ ತೂಗುಹಾಕಿದ್ದಾರೆ. ನಾನು ಹೋದಾಗಲೆಲ್ಲ ಗಿರಾಕಿಗಳಿಗೆ, "ಅಲ್ಲಿ ಇತರರು ಅಂತ ಐತಲ್ಲ, ಅದು ಇವರೇ ನೋಡ್ರಿ" ಎಂದು ಅಭಿಮಾನದಿಂದ ಪರಿಚಯಿಸುತ್ತಾರೆ. ತಿದ್ದಿಸೋಣವೆಂದು ಪತ್ರಿಕೆಗೆ ಬರೆದಿದ್ದೆ. ಸಂಖ್ಯೆ ಕೊಟ್ಟ ಮೇಲೆ ಯಾವುದನ್ನೂ ಬದಲಿಸುವುದಿಲ್ಲ, ಇನ್ನು ಅದು ಶಾಶ್ವತ ಎಂದು ಉತ್ತರ ಬಂತು.