ಸ್ಟ್ರಾಂಗೆಸ್ಟ್ ಹುಡುಗನಿಗೆ ಜ್ವರ ಬಂತು

ನಾನು ಧೈರ್ಯವಾಗಿ ಮಾಡಿದ ಕೆಲಸವನ್ನು ಯಾರೂ ತಿರುಗಿ ನೋಡುವುದಿಲ್ಲ. ಹೆದರಿ ಹೆದರಿ ಮಾಡಿದ್ದು ಮಾತ್ರ ಸಂಜೆಯೊಳಗೆ ಊರೆಲ್ಲಾ ಸುದ್ದಿಯಾಗಿರುತ್ತದೆ. ಕುಂದಾಣದ ಹತ್ತಿರದ ಶಾಲೆಯೊಂದರಲ್ಲಿ ನಾನು ಅತಿಥಿ ಶಿಕ್ಷಕಿ. ಹೆಸರಿಗೆ ಅತಿಥಿ, ಕಾಫಿ ಮಾತ್ರ ಫ್ಲಾಸ್ಕಿನಲ್ಲಿ ಮನೆಯಿಂದಲೇ ತರಬೇಕು. ಓದಿದ್ದು ವಿಜ್ಞಾನ. ಇಂಗ್ಲಿಷ್ ಮೇಷ್ಟ್ರಿಗೆ ವರ್ಗವಾದ ಮೇಲೆ ಅದೂ ನನ್ನ ಕೊರಳಿಗೆ ಬಿತ್ತು.

ಕಂಪ್ಯಾರೆಟಿವ್, ಸೂಪರ್ಲೇಟಿವ್ ಪಾಠ ಶುರುವಾಗುವ ಹೊತ್ತಿಗೆ ಹೆಡ್‌ಮಾಸ್ಟರು ಕರೆದರು. ‘ತಿಂಗಳ ಕೊನೆಗೆ ದೇವನಹಳ್ಳಿ ಆಫೀಸಿಂದ ಸಾಹೇಬ್ರು ಇನ್ಸ್‌ಪೆಕ್ಷನ್ನಿಗೆ ಬರ್ತಾರೆ. ಇದೇ ಪಾಠ ಕೇಳ್ತಾರಂತೆ. ಮಕ್ಕಳು ಬಾಯಿ ಬಿಡ್ಲಿಲ್ಲ ಅಂದ್ರೆ ಮುಂದಿನ ವರ್ಷ ನಿಮ್ಮನ್ನ ಕರಿಯೋದು ಕಷ್ಟ ಆಗುತ್ತೆ, ನೋಡಿ ಮೇಡಂ.’

ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ.

ಎದುರುಮನೆ

ಕಣ್ಣೆದುರಿಗಿರುವುದನ್ನೇ ಹೋಲಿಸಿದರೆ ಬೇಗ ತಲೆಗೆ ಹತ್ತುತ್ತದೆ ಎಂದುಕೊಂಡು, ನಿಮ್ಮ ಮನೆ, ಎದುರುಮನೆ ಎರಡನ್ನೂ ನೋಡಿ ವಾಕ್ಯ ಮಾಡಿ, ಜೋರಾಗಿ ಓದಿ ಬಾಯಿಪಾಠ ಮಾಡಿ ಎಂದೆ. ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ಒಬ್ಬರು ಒಂದು ಮಹಡಿ ಎತ್ತಿದರೆ ಎದುರಿನವರು ಎರಡು ಎತ್ತುತ್ತಾರೆ. ಅದು ನನಗೆ ಹೊಳೆಯಲೇ ಇಲ್ಲ.

ಮಾರನೆಯ ಬೆಳಿಗ್ಗೆ ಒಬ್ಬ ಹುಡುಗನ ಅಪ್ಪ ಗೇಟಿನಲ್ಲಿ ನಿಂತಿದ್ದರು.

‘ಏನ್ ಮೇಡಮ್ಮಾರೇ, ಸಂಜೆಯಿಂದ ನಮ್ ಹುಡ್ಗ ಜಗಲಿ ಮೇಲೆ ಕುಂತು ಎದುರುಮನೆಯೇ ಬಿಗ್ಗರ್, ಎದುರುಮನೆಯೇ ಬಿಗ್ಗರ್ ಅಂತ ಕೂಗ್ತಾವ್ನೆ. ಅವ್ರು ಬಾಗ್ಲು ತೆಕ್ಕೊಂಡು ಕೇಳ್ತಾ ಕುಂತವ್ರೆ!’

ಹೆದರಿ ವಾಕ್ಯ ತಿರುಗಿಸಿ ಕೊಟ್ಟೆ. ಮರುದಿನ ಎದುರುಮನೆಯವರು ಬಂದರು.

ಅಲ್ಲಿಂದಾಚೆಗೆ ನಾನು ಆನೆಯನ್ನೂ ಇರುವೆಯನ್ನೂ ಮಾತ್ರ ಹೋಲಿಸಿದೆ. ಆ ಎರಡಕ್ಕೂ ಶಾಲೆಗೆ ಬಂದು ಜಗಳ ಆಡುವ ಅಪ್ಪಂದಿರಿಲ್ಲ.

ಕಾಲ್ಧೂಳಿ

ಆದರೆ ಹೆಡ್‌ಮಾಸ್ಟರು ಬಿಡಲಿಲ್ಲ. ‘ಸಾಹೇಬ್ರು ಕ್ಲಾಸಿಗೆ ಆನೆ ತರ್ತಾರಾ? ಮಕ್ಕಳನ್ನೇ ತೋರ್ಸಿ ಕೇಳ್ತಾರೆ’ ಎಂದರು. ಸರಿ, ಹಿಂದಿನ ಬೆಂಚಿನ ಗಟ್ಟಿಮುಟ್ಟಾದ ಹುಡುಗನನ್ನು ಮುಂದೆ ನಿಲ್ಲಿಸಿದೆ. ಇಡೀ ಕ್ಲಾಸು ಅವನ ಕಡೆ ಬೆರಳು ತೋರಿಸಿ, ‘ಹಿ ಈಸ್ ದ ಸ್ಟ್ರಾಂಗೆಸ್ಟ್ ಬಾಯ್’ ಎಂದು ಸೂರು ಹಾರುವಂತೆ ಕೂಗಿತು. ನನಗಂತೂ ಬಹಳ ಖುಷಿಯಾಯಿತು.

ಅವತ್ತೇ ಸಂಜೆ ಸ್ಟ್ರಾಂಗೆಸ್ಟ್ ಹುಡುಗ ಜ್ವರ ಬಂದು ಮಲಗಿದ.

ಬೆಳಿಗ್ಗೆ ಅವನ ತಾಯಿ ಬಂದವರೇ ನನ್ನ ಕಾಲ ಬಳಿ ಕೂತು ಮಣ್ಣು ಕೆರೆಯತೊಡಗಿದರು. ನಾನು ಬೆಚ್ಚಿ ಹಿಂದೆ ಸರಿದೆ.

‘ಅಳ್ಳಾಡ್ಬೇಡಿ ಮಿಸ್ಸು. ಉಪ್ಪು ಮೆಣಸಿನಕಾಯಿ ಜೊತೆಗೆ ನಿವಾಳ್ಸಕ್ಕೆ ದೃಷ್ಟಿ ಹಾಕಿದವ್ರ ಕಾಲ್ಧೂಳಿ ಬೇಕು. ಅಷ್ಟು ಮಕ್ಳುದೂ ಎಲ್ಲಿಂದ ತರ್ಲಿ? ಹೇಳ್ಸಿದ್ದು ನೀವು ತಾನೆ, ನಿಮ್ದೊಂದೇ ಸಾಕು.’

ಮೂರನೆಯ ದಿನ ಹುಡುಗ ಕೆನ್ನೆಗೆ ದೊಡ್ಡ ಕಪ್ಪು ಬೊಟ್ಟು ಇಟ್ಟುಕೊಂಡು ಬಂದ. ಡಾಕ್ಟರ ಮಾತ್ರೆಯನ್ನು ಯಾರೂ ನೆನೆಯಲಿಲ್ಲ, ಹೆಸರೆಲ್ಲಾ ನನ್ನ ಕಾಲ್ಧೂಳಿಗೆ ಬಂತು. ಅದಕ್ಕಿಂತ ದೊಡ್ಡ ಅನಾಹುತವೆಂದರೆ, ಯಾರನ್ನೂ ಸ್ಟ್ರಾಂಗೆಸ್ಟು, ಟಾಲೆಸ್ಟು ಎಂದು ‘ಎಸ್ಟು’ ಹಚ್ಚಿ ಕರೆಯಕೂಡದು ಅಂತ ಮನೆಮನೆಯಲ್ಲೂ ಕಟ್ಟಪ್ಪಣೆ ಆಗಿತ್ತು. ಕ್ಲಾಸಿನಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಸಾಹೇಬರು ಬರುವ ಹಿಂದಿನ ದಿನ ಕೈ ಮುಗಿದೆ. ‘ದೃಷ್ಟಿ ಆಗದ ಹಾಗೆ ಏನಾದ್ರೂ ಹೇಳ್ರಪ್ಪ, ಬಾಯಿ ಬಿಟ್ರೆ ಸಾಕು.’

ಸಾಹೇಬರು

ಸಾಹೇಬರು ಬಂದರು. ಹೆಡ್‌ಮಾಸ್ಟರು ಎಳನೀರು ತರಲು ಹೊರಗೆ ಹೋದರು. ಸಾಹೇಬರು ಕೇಳಿದ ಮೊದಲ ಪ್ರಶ್ನೆಯೇ, ಕ್ಲಾಸಿನಲ್ಲಿ ಟಾಲೆಸ್ಟ್ ಯಾರು? ಎಲ್ಲರೂ ನೆಲ ನೋಡಿದರು. ಟಾಲೆಸ್ಟ್ ಹುಡುಗ ಬೆಂಚಿನಲ್ಲಿ ಇನ್ನಷ್ಟು ಕುಗ್ಗಿದ. ನನ್ನ ಮುಂದಿನ ವರ್ಷ ಕಿಟಕಿಯಿಂದ ಹಾರಿಹೋಗುವುದು ನನಗೆ ಕಾಣಿಸುತ್ತಿತ್ತು.

‘ಹೋಗ್ಲಿ, ನಿಮ್ಮ ಮಿಸ್ ಮೇಲೆ ಒಂದು ಸೂಪರ್ಲೇಟಿವ್ ವಾಕ್ಯ ಹೇಳಿ’ ಎಂದರು.

ಮುಂದಿನ ಬೆಂಚಿನ ಹುಡುಗಿ ಥಟ್ಟನೆ ಎದ್ದಳು. ‘ಅವರ್ ಮಿಸ್ ಈಸ್ ದ ವರ್ಸ್ಟ್ ಟೀಚರ್ ಇನ್ ದ ತಾಲೂಕ್, ಸಾರ್!’

ಇನ್ನೊಬ್ಬ ‘ಲೇಜಿಯೆಸ್ಟ್’ ಎಂದ. ಮತ್ತೊಬ್ಬಳು ‘ಅಗ್ಲಿಯೆಸ್ಟ್’ ಎಂದಳು. ಜ್ವರದ ಸುದ್ದಿಯಾದಾಗಿನಿಂದ ಬಾಯಿ ಬಿಡದ ಮಕ್ಕಳು ನಾ ಮುಂದು ತಾ ಮುಂದು ಎಂದು ಎದ್ದು ನಿಲ್ಲುತ್ತಿದ್ದರು. ನಾನು ಮೇಜು ಹಿಡಿದುಕೊಂಡೆ.

ಸಾಹೇಬರು ಕನ್ನಡಕ ತೆಗೆದು, ‘ಯಾಕಮ್ಮಾ, ನಿಮ್ ಮಿಸ್ ಅಷ್ಟು ಕೆಟ್ಟೋರಾ?’ ಎಂದು ಆ ಹುಡುಗಿಯನ್ನು ಕೇಳಿದರು.

‘ಅಯ್ಯೋ ಇಲ್ಲ ಸಾ, ಬೋ ಒಳ್ಳೇವ್ರು. ಹಂಗಂತ ನಿಮ್ಮೆದ್ರಿಗೆ ಅಂದ್ಬುಟ್ರೆ ನಿಮ್ ದೃಷ್ಟಿ ತಾಕ್ತೈತೆ. ಆಮೇಲೆ ನಿಮ್ ಕಾಲ್ಧೂಳಿ ತರಕ್ಕೆ ದೇವನಹಳ್ಳಿಗಂಟ ಯಾರ್ ಹೋಗವ್ರು?’

ಸಾಹೇಬರು ಒಮ್ಮೆ ತಮ್ಮ ಬೂಟು ನೋಡಿಕೊಂಡರು. ಆಮೇಲೆ ಮುಖ ಗಂಟಿಕ್ಕಿ, ಗಟ್ಟಿ ದನಿಯಲ್ಲಿ, ‘ಇಷ್ಟು ಕೆಟ್ಟ ಕ್ಲಾಸ್ ನಾನು ಎಲ್ಲೂ ನೋಡಿಲ್ಲ!’ ಎಂದರು. ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ಎಳನೀರು ಹಿಡಿದು ನಿಂತಿದ್ದ ಹೆಡ್‌ಮಾಸ್ಟರಿಗೆ ಕೇಳಿಸಿದ್ದು ಅದೊಂದೇ ಮಾತು. ಎಳನೀರು ಅರ್ಧ ಅವರ ಪ್ಯಾಂಟಿನ ಮೇಲೆ ಹೋಯಿತು.

‘ಇಂಥಾ ಕೆಟ್ಟ ಟೀಚರ್ ಬೇರೆ ಸ್ಕೂಲಿಗೆ ಯಾಕ್ರೀ? ಮುಂದಿನ ವರ್ಷಾನೂ ಇಲ್ಲೇ ಇಟ್ಕೊಳ್ಳಿ’ ಎಂದು ಸಾಹೇಬರು ಹೆಡ್‌ಮಾಸ್ಟರಿಗೆ ಹೇಳಿ, ಹೊಸ್ತಿಲ ಮೇಲೆ ಬೂಟನ್ನು ಟಪಟಪ ಬಡಿದು ಧೂಳು ಉದುರಿಸಿ, ‘ಯಾವುದಕ್ಕೂ ಇರ್ಲಿ’ ಎನ್ನುತ್ತಾ ಜೀಪು ಹತ್ತಿದರು.

ಹೆಡ್‌ಮಾಸ್ಟರು ಒದ್ದೆ ಪ್ಯಾಂಟಿನಲ್ಲೇ ನನ್ನ ಹತ್ತಿರ ಬಂದು ಪಿಸುಗುಟ್ಟಿದರು. ‘ನಿಜ ಹೇಳಿ ಮೇಡಂ, ಅವ್ರು ಹೊಗಳಿದ್ರಾ, ಬೈದ್ರಾ?’

ನಾನು ವಿಜ್ಞಾನ ಓದಿದವಳು, ಇದನ್ನೆಲ್ಲಾ ನಂಬುವವಳಲ್ಲ. ಆದರೂ ‘ಹೊಗಳಿದ್ರು’ ಎನ್ನಹೊರಟವಳಿಗೆ ಹೊಸ್ತಿಲ ಮೇಲಿನ ಧೂಳು ಕಾಣಿಸಿತು.

‘ತುಂಬಾ ಬೈದ್ರು ಸಾರ್’ ಎಂದುಬಿಟ್ಟೆ.